ಪಾಪಣ್ಣನವರ ‘ಇವತ್ತಿಗಿಲ್ಲ’

ಪಾಪಣ್ಣ ಮುಖ ನೋಡುತ್ತಿದ್ದದ್ದು ಕಣ್ಣು ಮುಚ್ಚಿಕೊಂಡು. ಕುರ್ಚಿಯಲ್ಲಿ ಕೂತವರ ಕೊರಳಿಗೆ ಬಿಳಿ ಬಟ್ಟೆ ಸುತ್ತಿ, ಹಿಂದೆ ನಿಂತು, ಎರಡೂ ಕಣ್ಣು ಮುಚ್ಚಿ, ಹತ್ತೂ ಬೆರಳನ್ನು ಹಣೆಯಿಂದ ಕೆನ್ನೆಗೆ, ಕೆನ್ನೆಯಿಂದ ಕಿವಿಯ ಹಿಂದಕ್ಕೆ, ಅಲ್ಲಿಂದ ಗದ್ದದ ಕೆಳಕ್ಕೆ ಒಂದು ಸಲ ಓಡಿಸುತ್ತಿದ್ದರು. ಹೊಸಬರು ಇದನ್ನು ಮಸಾಜು ಎಂದುಕೊಂಡು ಹಾಯಾಗಿ ತಲೆ ಒರಗಿಸುತ್ತಿದ್ದರು. ಅದು ಮಸಾಜಲ್ಲ, ತಪಾಸಣೆ. ಎಲ್ಲಿ ಮೊಡವೆ ಇದೆ, ಎಲ್ಲಿ ಹಳೆಯ ಗಾಯದ ಗೆರೆ ಇದೆ, ಗಡ್ಡ ಯಾವ ಕಡೆ ತಿರುಗಿ ಬೆಳೆಯುತ್ತದೆ ಎಂದು ಗೊತ್ತಾಗುವ ತನಕ ಅವರು ಕತ್ತಿ ಮುಟ್ಟುತ್ತಿರಲಿಲ್ಲ.

“ಕಣ್ಣು ಸುಳ್ಳು ಹೇಳ್ತದೆ ಸಾರ್,” ಅನ್ನುತ್ತಿದ್ದರು. “ಈ ಕನ್ನಡಿ ಅದಕ್ಕಿಂತ ದೊಡ್ಡ ಸುಳ್ಳುಗಾರ. ಎಡಗಡೇದನ್ನ ಬಲಗಡೆ ಅಂತ ತೋರುಸ್ತದೆ. ಬೆರಳಿಗೆ ಸುಳ್ಳು ಹೇಳಕ್ಕೆ ಬರಲ್ಲ.”

ಸಾರಕ್ಕಿ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ, ಹೂವಿನಂಗಡಿಯ ಪಕ್ಕ, ಎರಡು ಕುರ್ಚಿಯ ಕಟಿಂಗ್ ಶಾಪು ಅವರದು. ಬೋರ್ಡಿನ ಮೇಲೆ ‘ನ್ಯೂ ಪಾಪಣ್ಣ ಹೇರ್ ಡ್ರೆಸಸ್’ ಎಂದಿತ್ತು. ಮೂವತ್ತು ವರ್ಷದಿಂದ ಅದು ನ್ಯೂ. ಹಳೆಯದು ಎಲ್ಲಿತ್ತು ಎಂದು ಕೇಳಿದರೆ, “ಅರಳಿಮರದ ಕೆಳಗಿತ್ತು ಸಾರ್, ನಮ್ಮಪ್ಪ ಕೂರ್ತಿದ್ದಿದ್ದು. ಈಗ ಅಲ್ಲಿ ಸಿಗ್ನಲ್ ಐತೆ,” ಎನ್ನುತ್ತಿದ್ದರು. ಸಾರಕ್ಕಿ ಇನ್ನೂ ಹಳ್ಳಿಯಾಗಿದ್ದಾಗ ಹುಟ್ಟಿದವರು ಅವರು. ಊರು ತಮ್ಮ ಕಣ್ಣೆದುರೇ ಬೇರೆ ಏನೋ ಆಗಿಹೋದದ್ದನ್ನು ನೋಡಿದ ಮೇಲೆ ಯಾವುದನ್ನೂ ಅದು ಇದ್ದ ಹಾಗೇ ಇರುತ್ತದೆ ಎಂದು ನಂಬುವ ಅಭ್ಯಾಸ ಅವರಿಗೆ ತಪ್ಪಿತ್ತೆಂದು ಕಾಣುತ್ತದೆ.

ಅವರ ಅನುಮಾನಕ್ಕೆ ಒಳಗಾಗದ ವಸ್ತುವೇ ಇರಲಿಲ್ಲ. ಪೌಡರ್ ಡಬ್ಬಿಯನ್ನು ಮೂಸಿ ನೋಡದೆ ಹಾಕುತ್ತಿರಲಿಲ್ಲ. ಬ್ಲೇಡಿನ ಕಾಗದವನ್ನು ಗಿರಾಕಿಯ ಎದುರೇ ಬಿಚ್ಚಿ, ಬ್ಲೇಡನ್ನು ಎರಡಾಗಿ ಮುರಿದು, ಆ ಅರ್ಧವನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡುತ್ತಿದ್ದರು. ನಲ್ಲಿಯ ಮೊದಲ ಚೊಂಬು ನೀರು ಸೀದಾ ಚರಂಡಿಗೆ. ಟೀವಿಯಲ್ಲಿ ಇವತ್ತು ಮಳೆ ಎಂದು ಹೇಳಿದರೆ ಹೊರಗೆ ಹೋಗಿ ಆಕಾಶ ನೋಡಿ ಬರುತ್ತಿದ್ದರು. ಹಾಗಂತ ಸಿಡುಕರಲ್ಲ. ಅನುಮಾನವನ್ನು ಅಷ್ಟು ಸಮಾಧಾನವಾಗಿ ಪಡುವವರನ್ನು ನಾನು ಬೇರೆ ಕಂಡಿಲ್ಲ.

‘ಇಲ್ಲ’ ಎಂಬ ಮಾತು ಅವರ ಬಾಯಲ್ಲಿ ಒಂಟಿಯಾಗಿ ಬರುತ್ತಲೇ ಇರಲಿಲ್ಲ. ತಲೆಯಲ್ಲಿ ಹೊಟ್ಟಿದೆಯಾ ಎಂದು ಕೇಳಿದರೆ, “ಇವತ್ತಿಗಿಲ್ಲ ಸಾರ್.” ಮಂಡಿನೋವು ಹೇಗಿದೆ ಎಂದರೆ, “ಇವತ್ತಿಗಿಲ್ಲ.” ಒಮ್ಮೆ ನಾನು ತಮಾಷೆಗೆ, “ನಿನಗೆ ಶತ್ರುಗಳು ಇದಾರೇನಯ್ಯಾ?” ಎಂದಿದ್ದೆ. ಕತ್ತರಿ ನಿಲ್ಲಿಸಿ ಸ್ವಲ್ಪ ಹೊತ್ತು ಯೋಚನೆ ಮಾಡಿ, “ಇವತ್ತಿಗಿಲ್ಲ,” ಎಂದರು.

ಇನ್ನೊಂದು ಮಾತನ್ನು ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ಪಾಪಣ್ಣ ನನಗಿಂತ ಎಂಟು ವರ್ಷ ದೊಡ್ಡವರು. ಆದರೂ ನಾನು ಅವರನ್ನು ಏಕವಚನದಲ್ಲೇ ಮಾತಾಡಿಸುತ್ತಿದ್ದೆ. ನಮ್ಮ ಮನೆಯಲ್ಲಿ ಅಪ್ಪನ ಕಾಲದಿಂದ ಹಾಗೇ ನಡೆದು ಬಂದಿತ್ತು, ಅದರಲ್ಲಿ ತಪ್ಪೇನಿದೆ ಎಂದು ನಾನು ಯೋಚಿಸಿದವನೇ ಅಲ್ಲ. ಈಗ ಬರೆಯುವಾಗ ಬಹುವಚನ ತಾನಾಗಿ ಬರುತ್ತಿದೆ.

ನಾನು ಸರ್ಕಾರಿ ಕಚೇರಿಯಲ್ಲಿ ಭಾಷಾಂತರಕಾರನಾಗಿದ್ದವನು. ಮೂವತ್ತು ವರ್ಷ ಇಂಗ್ಲಿಷ್ ಆದೇಶಗಳನ್ನು ಕನ್ನಡಕ್ಕೆ ತಿರುಗಿಸಿ ಜೆ.ಪಿ. ನಗರದ ಮನೆಯಲ್ಲಿ ನಿವೃತ್ತಿಯ ದಿನ ಕಳೆಯುತ್ತಿದ್ದೇನೆ. ಆ ಕೆಲಸದಿಂದ ನನಗೆ ಅಂಟಿದ ಗುಣ ಎರಡು. ಪದಗಳ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎನ್ನುವ ಜಂಬ ಒಂದು. ಯಾರೇ ನನಗೆ ಒಳ್ಳೆಯದು ಹೇಳಿದರೂ ಇದರಲ್ಲಿ ಇವನಿಗೇನು ಲಾಭ ಎಂದು ಹುಡುಕುವುದು ಇನ್ನೊಂದು. ನನ್ನ ಹೆಂಡತಿ ಸುಮಿತ್ರಾ ಈ ಎರಡನೆಯದನ್ನು ರೋಗ ಎಂದೇ ಕರೆಯುತ್ತಾಳೆ.

ನಿಜವಾದ ರೋಗವನ್ನು ಮೊದಲು ಕಂಡುಹಿಡಿದವರು ಪಾಪಣ್ಣ. ಹದಿನೈದು ವರ್ಷದ ಹಿಂದಿನ ಒಂದು ಭಾನುವಾರ, ಎಂದಿನಂತೆ ಕಣ್ಣು ಮುಚ್ಚಿ ಬೆರಳೋಡಿಸುತ್ತಿದ್ದವರು ನನ್ನ ಎಡಗಿವಿಯ ಹಾಲೆಯ ಕೆಳಗೆ ಬೆರಳು ನಿಲ್ಲಿಸಿದರು. “ಇಲ್ಲೊಂದು ಕಾಳು ಸಿಕ್ತು ಸಾರ್,” ಎಂದರು. ಮುಟ್ಟಿ ನೋಡಿದೆ. ಹೆಸರುಕಾಳಿನಷ್ಟು ದಪ್ಪದ್ದು, ನೋವಿಲ್ಲ, ಬೆರಳಿಗೆ ಸಿಕ್ಕದೆ ಅತ್ತಿತ್ತ ಜಾರುತ್ತಿತ್ತು. ಸುಮಿತ್ರಾ ಬಿಡಲಿಲ್ಲ, ಜಯನಗರದ ಒಬ್ಬ ಸರ್ಜನ್ ಮೇಡಂ ಹತ್ತಿರ ಕರೆದುಕೊಂಡು ಹೋದಳು. ಸೂಜಿ ಚುಚ್ಚಿ ಪರೀಕ್ಷೆ ಮಾಡಿದರು. ಜೊಲ್ಲು ಸುರಿಸುವ ಗ್ರಂಥಿಯಲ್ಲಿ ಬೆಳೆದ ಗಡ್ಡೆ, ಹೆಸರು ಪ್ಲಿಯೋಮಾರ್ಫಿಕ್ ಅಡಿನೋಮಾ, ಕ್ಯಾನ್ಸರ್ ಅಲ್ಲ ಎಂದು ವರದಿ ಬಂತು.

“ಕ್ಯಾನ್ಸರ್ ಅಲ್ಲ, ಆದ್ರೂ ತೆಗೆಸಿಬಿಡಿ ಸರ್,” ಎಂದರು ಮೇಡಂ. “ಇದು ವರ್ಷಗಟ್ಟಲೆ ಸುಮ್ನಿರುತ್ತೆ. ಹಾಗೇ ಬಿಟ್ರೆ ಕೆಲವರಲ್ಲಿ ಸ್ವಭಾವ ಬದಲಾಯಿಸಿಬಿಡುತ್ತೆ. ಆ ಗ್ರಂಥಿ ಒಳಗೇ ಮುಖದ ನರ ಹಾದುಹೋಗುತ್ತೆ. ಗಡ್ಡೆ ಚಿಕ್ಕದಿದ್ದಾಗಲೇ ಮಾಡಿದ್ರೆ ನರ ಉಳಿಸೋದು ಸುಲಭ.”

ಇಷ್ಟು ಮಾತಿನಲ್ಲಿ ನನ್ನ ಕಿವಿಗೆ ಬಿದ್ದದ್ದು ಎರಡೇ. ಕ್ಯಾನ್ಸರ್ ಅಲ್ಲ. ಮುಖದ ನರ. ಕತ್ತಿ ತಪ್ಪಿದರೆ ಬಾಯಿ ಸೊಟ್ಟಗಾಗಿ ಉಳಿದ ಆಯುಷ್ಯ ಕಳೆಯಬೇಕು ಎಂಬ ಭಯಕ್ಕೆ ನಾನು ಆಪರೇಷನ್ನನ್ನು ಮುಂದಕ್ಕೆ ಹಾಕಿದೆ. ಮುಂದಕ್ಕೆ ಹಾಕುತ್ತಾ ಹನ್ನೊಂದು ವರ್ಷವಾಯಿತು. ಅಷ್ಟೂ ವರ್ಷ ಪ್ರತಿ ಭಾನುವಾರ ಪಾಪಣ್ಣನವರ ಬೆರಳು ಅಲ್ಲಿ ಒಂದು ಗಳಿಗೆ ನಿಂತು ಮುಂದೆ ಹೋಗುತ್ತಿತ್ತು. “ಜಾರ್ತಾ ಐತೆ ಸಾರ್, ಇವತ್ತಿಗೇನೂ ಇಲ್ಲ,” ಎನ್ನುತ್ತಿದ್ದರು. ನನಗೆ ಅಷ್ಟು ಸಾಕಾಗುತ್ತಿತ್ತು.

ಒಂದು ಭಾನುವಾರ ಅವರು ಹಾಗೆ ಹೇಳಲಿಲ್ಲ. ಬೆರಳು ಅಲ್ಲೇ ನಿಂತಿತು. ಹೆಬ್ಬೆರಳಿನಿಂದ ಒಂದು ಕಡೆ ಒತ್ತಿ, ತೋರುಬೆರಳಿನಿಂದ ಇನ್ನೊಂದು ಕಡೆ ತಳ್ಳಿ ನೋಡಿದರು.

“ಯಾಕೋ ಜಾರ್ತಿಲ್ಲ ಸಾರ್. ಹಿಡ್ಕೊಂಡಂಗೈತೆ. ಇನ್ನೊಂದ್ಸಲ ಡಾಕ್ಟ್ರಿಗೆ ತೋರಿಸ್ಬಿಡಿ. ಸ್ಕ್ಯಾನ್ ಮಾಡ್ಸಿ.”

“ಎಲ್ಲಿ ಮಾಡಿಸ್ಲಪ್ಪಾ?”

“ಎಲ್ಲಾದ್ರೂ ಸರಿ. ಇಲ್ಲೇ ಮೇನ್ ರೋಡಲ್ಲಿ ಒಂದೈತಲ್ಲ.”

ನನ್ನ ಕಣ್ಣು ಕನ್ನಡಿಯ ಪಕ್ಕದ ಕ್ಯಾಲೆಂಡರಿಗೆ ಹೋಯಿತು. ಮೇನ್ ರೋಡಿನ ಅದೇ ಸ್ಕ್ಯಾನಿಂಗ್ ಸೆಂಟರಿನ ಕ್ಯಾಲೆಂಡರು. ಹನ್ನೆರಡು ತಿಂಗಳ ಮೇಲೂ ಕೆಂಪು ಅಕ್ಷರದಲ್ಲಿ ಅವರ ಹೆಸರು. ಆಹಾ, ಸಿಕ್ಕಿಬಿದ್ದ ಎಂದುಕೊಂಡೆ. ಆಟೋದವರಿಗೆ ಕಮಿಷನ್ ಕೊಡುತ್ತಾರೆ, ಮೆಡಿಕಲ್ ಶಾಪಿನವರಿಗೆ ಕೊಡುತ್ತಾರೆ ಎಂದು ಕೇಳಿದ್ದೆ. ಈಗ ಕ್ಷೌರದಂಗಡಿಯ ತನಕ ಬಂದಿದ್ದಾರೆ ಎಂದು ತೀರ್ಮಾನಿಸಿದೆ. ಮುಖದ ಮೇಲೆ ನೊರೆ ಇದ್ದದ್ದರಿಂದ ಸುಮ್ಮನಿದ್ದೆ.

ಮುಂದಿನ ವಾರ ಕೇಳಿದರು, “ಹೋಗಿದ್ರಾ ಸಾರ್?” ಅದರ ಮುಂದಿನ ವಾರವೂ ಕೇಳಿದರು. ಮೂರನೆಯ ವಾರ ಕೇಳಿದಾಗ ನನಗೆ ತಡೆಯಲಿಲ್ಲ. “ನಾನು ಅಲ್ಲಿಗೆ ಹೋದ್ರೆ ನಿನಗೇನು ಸಿಗುತ್ತಯ್ಯಾ?” ಎಂದುಬಿಟ್ಟೆ.

ಕತ್ತಿ ನನ್ನ ಗಂಟಲ ಹತ್ತಿರ ಇತ್ತು. ಅದು ಅಲ್ಲಾಡಲಿಲ್ಲ. ಪಾಪಣ್ಣ ಕೆಲಸ ಮುಗಿಸಿದರು, ಪಟಿಕದ ಕಲ್ಲು ಒದ್ದೆ ಮಾಡಿ ಕೆನ್ನೆಗೆ ಸವರಿದರು, ಪೌಡರ್ ಮೂಸಿ ನೋಡಿ ಹಾಕಿದರು, ಬಟ್ಟೆ ಕೊಡವಿದರು. ಯಾವಾಗಲೂ “ಹೋಗ್ಬನ್ನಿ ಸಾರ್” ಎನ್ನುತ್ತಿದ್ದವರು ಅವತ್ತು ಅನ್ನಲಿಲ್ಲ. ನಾನೂ ಮತ್ತೆ ಆ ಅಂಗಡಿಗೆ ಹೋಗಲಿಲ್ಲ.

ಎಂಟು ತಿಂಗಳು ನಾನು ನಮ್ಮ ಮನೆ ಹತ್ತಿರದ ಎ.ಸಿ. ಸಲೂನಿಗೆ ಹೋದೆ. ಅಲ್ಲಿನ ಯುವಕನ ಕೈಗೆ ಗ್ಲೌಸು, ಕಿವಿಗೆ ಹೆಡ್‌ಫೋನು. “ಸ್ಕಿನ್ ತುಂಬ ಡ್ರೈ ಇದೆ ಅಂಕಲ್, ಫೇಶಿಯಲ್ ಮಾಡಿಸ್ಕೊಳ್ಳಿ,” ಎಂದು ಪ್ರತಿ ಸಲ ಹೇಳುತ್ತಿದ್ದ. ಕಿವಿಯ ಕೆಳಗಿನ ಗಂಟು ಬಂದರೆ ಮೆಷಿನ್ನನ್ನು ಅದರ ಸುತ್ತ ಬಳಸಿ ಓಡಿಸುತ್ತಿದ್ದ, ಅದೇನು ಎಂದು ಒಂದು ದಿನವೂ ಕೇಳಲಿಲ್ಲ. ನನಗೆ ಅದೇ ನಾಗರಿಕತೆ ಎನ್ನಿಸಿತ್ತು.

ಅವರೆಕಾಯಿ ಕಾಲ ಬಂತು. ಸುಮಿತ್ರಾ ಜೊತೆ ಸಾರಕ್ಕಿ ಮಾರ್ಕೆಟ್ಟಿಗೆ ಹೋಗಿದ್ದೆ. ಒಬ್ಬ ಹೆಂಗಸು ನೆನೆಸಿದ ಅವರೆಕಾಳನ್ನು ಬೇಸಿನ್ನಿನಲ್ಲಿಟ್ಟುಕೊಂಡು ಹಿತುಕಿ ಹಿತುಕಿ ಬೇಳೆ ಮಾಡಿ ಮಾರುತ್ತಿದ್ದಳು. ಅವಳ ಎದುರು ಕೈಚೀಲ ಹಿಡಿದು ಪಾಪಣ್ಣ ನಿಂತಿದ್ದರು. ನಾನು ಮುಖ ತಿರುಗಿಸಿಕೊಳ್ಳುವ ಮೊದಲೇ ಅವರ ಕಣ್ಣು ನನ್ನ ಎಡಗಿವಿಯ ಕೆಳಗೆ ಬಿದ್ದಾಗಿತ್ತು. ನಮಸ್ಕಾರ ಮಾಡಿದರು, ನನಗಲ್ಲ, ಸುಮಿತ್ರಾಗೆ. ಆಮೇಲೆ ಬೇಸಿನ್ನಿನಿಂದ ಒಂದು ಕಾಳು ತೆಗೆದುಕೊಂಡು ನನ್ನ ಹತ್ತಿರ ಬಂದರು.

“ಬೇಜಾರ್ ಮಾಡ್ಕೋಬ್ಯಾಡಿ ಸಾರ್. ನೋಡಿ,” ಎಂದು ಎರಡು ಬೆರಳ ನಡುವೆ ಕಾಳನ್ನು ಒತ್ತಿದರು. ಸಿಪ್ಪೆಯೊಳಗಿನ ಬೇಳೆ ಪುಸಕ್ಕೆಂದು ಜಾರಿ ಅವರ ಅಂಗೈಗೆ ಬಿತ್ತು. “ನಿಮ್ದು ಹನ್ನೊಂದು ವರ್ಷ ಹಿಂಗೇ ಜಾರ್ತಿತ್ತು. ಮನೇಗ್ ಹೋಗಿ ನೀವೇ ಮುಟ್ನೋಡಿ. ನನ್ನ ಮಾತು ಕೇಳ್ಬ್ಯಾಡಿ, ನಿಮ್ಮ ಬೆರಳಿನ ಮಾತು ಕೇಳಿ.”

ಅಷ್ಟು ಹೇಳಿ ತಮ್ಮ ಚೀಲ ಎತ್ತಿಕೊಂಡು ಹೋದರು. ದಾರಿಯಲ್ಲಿ ಸುಮಿತ್ರಾ ಏನಾಯಿತೆಂದು ಕೇಳಿದಳು. ಕ್ಯಾಲೆಂಡರಿನ ವಿಷಯ, ಕಮಿಷನ್ನಿನ ವಿಷಯ ಎಲ್ಲ ಹೇಳಿದೆ. ಮನೆಗೆ ಬಂದ ಮೇಲೆ ನನ್ನನ್ನು ಅಡುಗೆಮನೆಗೆ ಕರೆದು ಫ್ರಿಜ್ಜಿನ ಪಕ್ಕದ ಗೋಡೆ ತೋರಿಸಿದಳು. ಅಲ್ಲಿ ನೇತಾಡುತ್ತಿದ್ದದ್ದೂ ಅದೇ ಸ್ಕ್ಯಾನಿಂಗ್ ಸೆಂಟರಿನ ಕ್ಯಾಲೆಂಡರು. ಹೊಸ ವರ್ಷಕ್ಕೆ ಅವರು ಇಡೀ ಏರಿಯಾಕ್ಕೆ ಹಂಚಿದ್ದರಂತೆ.

“ಹಾಗಾದ್ರೆ ನನಗೆಷ್ಟು ಕಮಿಷನ್ ಬರುತ್ತೆ, ಅದನ್ನೂ ಲೆಕ್ಕ ಹಾಕಿ ಹೇಳಿ,” ಎಂದಳು.

ನಾನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಕಣ್ಣು ಮುಚ್ಚಿ, ಹೆಬ್ಬೆರಳು ಒಂದು ಕಡೆ ತೋರುಬೆರಳು ಒಂದು ಕಡೆ ಇಟ್ಟು ತಳ್ಳಿ ನೋಡಿದೆ. ಗಂಟು ಅಲ್ಲಾಡಲಿಲ್ಲ. ಇನ್ನೊಂದು ಸಲ ಜೋರಾಗಿ ತಳ್ಳಿದೆ. ಕೆನ್ನೆಯ ಮಾಂಸವೆಲ್ಲ ಬೆರಳಿನ ಜೊತೆಗೇ ಸರಿಯಿತು, ಅದು ಮಾತ್ರ ಹಿಡಿದುಕೊಂಡ ಜಾಗ ಬಿಡಲಿಲ್ಲ. ಹೊರಗೆ ಬಂದು ಸರ್ಜನ್ ಮೇಡಂ ನಂಬರು ಹುಡುಕಿದೆ.

ಸರ್ಜನ್ ಮೇಡಂ ಬೈಯಲಿಲ್ಲ. ಎರಡೇ ವಾರದಲ್ಲಿ ಆಪರೇಷನ್ ಮಾಡಿದರು. ನರದ ಒಂದು ಸಣ್ಣ ಕವಲು ಗಡ್ಡೆಗೆ ಅಂಟಿಕೊಂಡಿತ್ತಂತೆ, ಅದನ್ನು ಕತ್ತರಿಸಲೇಬೇಕಾಯಿತು. ಉಳಿದ ಕವಲುಗಳು ಉಳಿದವು. ಆವತ್ತಿನಿಂದ ನಾನು ನಕ್ಕರೆ ಬಾಯಿಯ ಬಲತುದಿ ಮಾತ್ರ ಮೇಲೇಳುತ್ತದೆ, ಎಡತುದಿ ಇದ್ದಲ್ಲೇ ಇರುತ್ತದೆ. ಎಡಗಿವಿಯ ಹಾಲೆಗೆ ಸ್ಪರ್ಶವಿಲ್ಲ. ಎಂಟು ತಿಂಗಳು ಮುಂಚೆ ಬಂದಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ. “ಈಗ ಬಂದಿದೀರಲ್ಲ, ಅದು ಮುಖ್ಯ,” ಎಂದರು. ಒಂದು ಪ್ರಶ್ನೆಗೆ ಇನ್ನೊಂದು ಪ್ರಶ್ನೆಯ ಉತ್ತರ ಕೊಟ್ಟರೆ ಅದರ ಅರ್ಥವೇನೆಂದು ಭಾಷಾಂತರಕಾರನಿಗೆ ಹೇಳಿಕೊಡಬೇಕಾಗಿಲ್ಲ.

ತೆಗೆದ ಗಡ್ಡೆಯನ್ನು ಪರೀಕ್ಷೆಗೆ ಕಳಿಸಿದ್ದರು. ವರದಿ ಬಂದ ಮೇಲೆ ಅದನ್ನು ಹಿಡಿದುಕೊಂಡು ಗುರುವಾರ ಬನ್ನಿ ಎಂದು ಮೇಡಂ ಹೇಳಿದ್ದರು. ಸೋಮವಾರ ನಾನೇ ಹೋಗಿ ಕೌಂಟರಿನಲ್ಲಿ ಲಕೋಟೆ ಇಸಿದುಕೊಂಡೆ. ಆಟೋದಲ್ಲಿ ಕೂತು ಬಿಚ್ಚಿದೆ. ದಪ್ಪ ಅಕ್ಷರದಲ್ಲಿ ಒಂದು ಸಾಲು. ‘ಕಾರ್ಸಿನೋಮಾ ಎಕ್ಸ್ ಪ್ಲಿಯೋಮಾರ್ಫಿಕ್ ಅಡಿನೋಮಾ.’

ಮೊದಲ ಪದ, ಅಂದರೆ ಕ್ಯಾನ್ಸರ್, ಓದಿ ಕಾಗದ ಮಡಚಿದವನು ಮತ್ತೆ ಬಿಚ್ಚಿದೆ. ಎರಡನೆಯ ಪದ ಓದಿದಾಗ ಜೀವ ಬಂತು. ಎಕ್ಸ್. ಮೂವತ್ತು ವರ್ಷ ನನ್ನ ಮೇಜಿನ ಮೇಲೆ ಹಾದುಹೋದ ಪದ ಅದು. ಎಕ್ಸ್ ಎಂ.ಎಲ್.ಎ. ಎಂದರೆ ಮಾಜಿ ಶಾಸಕ, ಎಕ್ಸ್ ಸರ್ವಿಸ್‌ಮನ್ ಎಂದರೆ ಮಾಜಿ ಸೈನಿಕ. ಹಾಗಾದರೆ ಅರ್ಥ ಸ್ಪಷ್ಟ. ಕ್ಯಾನ್ಸರ್, ಮಾಜಿ. ಹಾಲಿ, ಪ್ಲಿಯೋಮಾರ್ಫಿಕ್ ಅಡಿನೋಮಾ, ಅಂದರೆ ಹನ್ನೆರಡು ವರ್ಷದ ಹಿಂದೆಯೇ ಕ್ಯಾನ್ಸರ್ ಅಲ್ಲ ಎಂದು ಹೇಳಿದ್ದ ಅದೇ ಹಳೆಯ ಗಡ್ಡೆ. ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೂ ಹತ್ತು ಸಾಲುಗಳಿದ್ದವು. ಆದೇಶದ ಮೊದಲ ಸಾಲು ಅರ್ಥವಾದ ಮೇಲೆ ಷರಾ ಓದುವ ಅಭ್ಯಾಸ ನನಗಿಲ್ಲ.

ಸುಮಿತ್ರಾ ನನ್ನ ಮಾತು ನಂಬಿದಳು. ಬೇರೆ ಯಾವ ವಿಷಯದಲ್ಲೂ ನಂಬದವಳು ಇಂಗ್ಲಿಷಿನ ವಿಷಯದಲ್ಲಿ ನಂಬುತ್ತಾಳೆ. ಗುರುವಾರ ಹೋಗುವ ಅಗತ್ಯವೇ ಇಲ್ಲ, ಮೈಸೂರಿನಲ್ಲಿ ಅವಳ ಅಕ್ಕನ ಮನೆಗೆ ಹೋಗಿ ಎರಡು ತಿಂಗಳು ಆರಾಮವಾಗಿದ್ದು ಬರೋಣ ಎಂದು ಗೊತ್ತು ಮಾಡಿದೆವು. ಗುರುವಾರ ಸಂಜೆ ಎರಡು ಸಲ ಯಾವುದೋ ನಂಬರಿನಿಂದ ಫೋನ್ ಬಂತು. ಗೊತ್ತಿಲ್ಲದ ನಂಬರನ್ನು ನಾನು ಎತ್ತುವುದಿಲ್ಲ, ಎಲ್ಲರೂ ಮೋಸಗಾರರು. ಕತ್ತರಿಸಿದೆ.

ಮೈಸೂರಿಗೆ ಹೊರಡುವ ಹಿಂದಿನ ದಿನ ಒಂದು ಡಬ್ಬ ಮೈಸೂರುಪಾಕು ತೆಗೆದುಕೊಂಡು ಪಾಪಣ್ಣನವರ ಅಂಗಡಿಗೆ ಹೋದೆ. ಕೃತಜ್ಞತೆಯಿಂದ ಎಂದು ಆವತ್ತು ನನಗೆ ನಾನೇ ಹೇಳಿಕೊಂಡಿದ್ದೆ. ನಿಜವೇನೆಂದರೆ, ನಿನ್ನ ಅನುಮಾನ ಸುಳ್ಳಾಯಿತು ನೋಡು ಎಂದು ತೋರಿಸುವ ಚಪಲ. ಕುರ್ಚಿಯಲ್ಲಿ ಕೂತು ವರದಿ ಬಿಚ್ಚಿ, ಒಂದೊಂದೇ ಪದಕ್ಕೆ ಬೆರಳಿಟ್ಟು ಅರ್ಥ ಹೇಳಿದೆ.

ಪಾಪಣ್ಣ ಡಬ್ಬ ಮುಟ್ಟಲಿಲ್ಲ. “ಮಾಜಿ ಅಂದ್ರೆ, ಒಂದ್ಕಾಲಕ್ಕೆ ಹಾಲಿ ಆಗಿತ್ತು ಅಂತ ತಾನೆ ಸಾರ್?” ಎಂದರು.

“ಹೌದು.”

“ಯಾವತ್ತು ಹಾಲಿ ಆಗಿತ್ತು? ಸೂಜಿ ಚುಚ್ಚಿದಾಗ ಇರ್ಲಿಲ್ಲ ಅಂದ್ರಲ್ಲ.”

“ಮಧ್ಯೆ ಯಾವಾಗಲೋ ಆಗಿ ಹೋಗಿರುತ್ತಯ್ಯಾ,” ಎಂದೆ.

“ತಾನಾಗೇ ರಾಜೀನಾಮೆ ಕೊಟ್ಬಿಡ್ತಾ ಸಾರ್?” ಪಾಪಣ್ಣ ಬ್ರಷ್ಷನ್ನು ಲೋಟದಲ್ಲಿಟ್ಟರು. “ನಮ್ಮ ಏರಿಯಾದಾಗೆ ಎಷ್ಟು ಜನ ಮಾಜಿಗಳವರೆ. ಒಬ್ಬರಾದ್ರೂ ಮನೇಲಿ ಸುಮ್ಕೆ ಕೂತಿದ್ದು ನೋಡಿದೀರಾ? ಮಾಜಿ ಅಂದ್ಮೇಲೆ ಮುಂದಿನ ಎಲೆಕ್ಷನ್ನಿಗೆ ನಿಂತೇ ನಿಲ್ತಾರೆ. ಆ ಮೇಡಂ ಏನಂದ್ರು ಇದಕ್ಕೆ?”

“ತೋರಿಸಿಲ್ಲ.”

ಅವರು ನನ್ನ ಕೊರಳಿಗೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿ ಮಡಚಿ ಇಟ್ಟುಬಿಟ್ಟರು. “ಅವರಿಗೆ ತೋರಿಸ್ಕೊಂಡು ಬನ್ನಿ. ಆಮೇಲೆ ಶೇವಿಂಗು,” ಎಂದರು. ಅಂಗಡಿಯಿಂದ ಗಿರಾಕಿಯನ್ನು ಗಡ್ಡದ ಸಮೇತ ಎಬ್ಬಿಸಿ ಕಳಿಸಿದ್ದು ಅದೊಂದೇ ಸಲ ಇರಬೇಕು. ನನಗೆ ಅವಮಾನವಾಯಿತು, ಕೋಪವೂ ಬಂತು. ಆದರೆ ಸಾರಕ್ಕಿ ಸಿಗ್ನಲ್ ದಾಟುವಷ್ಟರಲ್ಲಿ ‘ಯಾವತ್ತು ಹಾಲಿ ಆಗಿತ್ತು’ ಎಂಬ ಪ್ರಶ್ನೆ ನನ್ನ ತಲೆಯನ್ನು ಹೊಕ್ಕಾಗಿತ್ತು. ಆಟೋದವನಿಗೆ ಮನೆ ಬೇಡ, ಜಯನಗರಕ್ಕೆ ಹೋಗಪ್ಪಾ ಎಂದೆ.

ಮೇಡಂ ನನ್ನನ್ನು ನೋಡಿ, “ಎರಡು ಸಲ ಫೋನ್ ಮಾಡಿಸಿದ್ದೆ ಸರ್,” ಎಂದರು. ನನ್ನ ಭಾಷಾಂತರ ಕೇಳಿದ ಮೇಲೆ ಅವರ ಮುಖದಲ್ಲಿ ನಗುವೂ ಬರಲಿಲ್ಲ.

“ಎಕ್ಸ್ ಅಂದ್ರೆ ಮಾಜಿ ಅಲ್ಲ ಸರ್. ‘ಅದರಿಂದ’ ಅಂತ. ಹಳೇ ಗಡ್ಡೆಯೊಳಗಿಂದ ಹುಟ್ಟಿರೋ ಕ್ಯಾನ್ಸರ್ ಅಂತ ಅರ್ಥ. ಜೊಲ್ಲಿನ ಗ್ರಂಥೀಲಿ ಗಡ್ಡೆ ಬರೋದೇ ಅಪರೂಪ, ಅದು ಹೀಗೆ ತಿರುಗಿಕೊಳ್ಳೋದು ಇನ್ನೂ ಅಪರೂಪ. ನಿಮ್ಮದು ಒಂದು ಮೂಲೇಲಿ ಶುರುವಾಗಿ ಈಗಷ್ಟೇ ಹೊರಗೆ ಕಾಲಿಟ್ಟಿದೆ. ನರದ ಹತ್ರ ಗಡ್ಡೆ ಸುತ್ತಲಿನ ಒಳ್ಳೆ ಮಾಂಸ ತೆಗೆದಿದ್ದು ಸಾಲದು. ತಡ ಮಾಡದೆ ರೇಡಿಯೇಷನ್ ಶುರು ಮಾಡ್ಬೇಕು. ಎರಡು ತಿಂಗಳು ಬಿಟ್ಟು ಬಂದಿದ್ರೆ ನಾನು ಹೀಗೆ ಮಾತಾಡ್ತಿರಲಿಲ್ಲ.”

ನನಗೆ ಆ ಕ್ಷಣ ನೆನಪಾದದ್ದು ‘ಎಕ್ಸ್ ಫ್ಯಾಕ್ಟರಿ ಪ್ರೈಸ್’ ಎಂಬ ಪದ. ಅದನ್ನು ‘ಮಾಜಿ ಕಾರ್ಖಾನೆಯ ಬೆಲೆ’ ಎಂದು ಬರೆದಿದ್ದ ಒಬ್ಬ ಹೊಸಬನಿಗೆ ನಾನು ಇಡೀ ವಿಭಾಗದ ಎದುರು ಛೀಮಾರಿ ಹಾಕಿದ್ದೆ. ಕಾರ್ಖಾನೆಯಿಂದ ಹೊರಡುವಾಗಿನ ಬೆಲೆ ಕಣಯ್ಯಾ ಎಂದು ಹೇಳಿಕೊಟ್ಟಿದ್ದೆ. ಆ ಅರ್ಥ ನನಗೆ ಗೊತ್ತಿತ್ತು. ಬೇಕಾದ ಅರ್ಥವನ್ನು ಆರಿಸಿಕೊಂಡಿದ್ದೆ, ಅಷ್ಟೇ.

ರೇಡಿಯೇಷನ್ ಆರು ವಾರ ನಡೆಯಿತು. ಬಾಯಿಯ ಪಸೆ ಆರಿಹೋಯಿತು. ಜೊಲ್ಲು ಎಂದರೆ ಅಸಹ್ಯ ಎಂದುಕೊಂಡಿದ್ದ ನನಗೆ ಒಂದು ತುತ್ತು ಚಪಾತಿ ಗಂಟಲಿಗಿಳಿಯಲು ಎರಡು ಗುಟುಕು ನೀರು ಬೇಕಾದಾಗ ಅದರ ಬೆಲೆ ತಿಳಿಯಿತು. ಎಡಕೆನ್ನೆಯ ಗಡ್ಡ ಉದುರಿಹೋಯಿತು, ಮತ್ತೆ ಬೆಳೆಯಲೂ ಇಲ್ಲ. ಎಲ್ಲ ಮುಗಿದು ಚರ್ಮ ತಹಬಂದಿಗೆ ಬಂದ ಮೇಲೆ ಒಂದು ಭಾನುವಾರ, ನೀರಿನ ಬಾಟಲಿ ಹಿಡಿದುಕೊಂಡು, ಮತ್ತೆ ಆ ಕುರ್ಚಿಯಲ್ಲಿ ಕೂತೆ.

“ಪಾಪಣ್ಣ, ನಾನು ನಿಮ್ಮ ಮೇಲೆ ಅನುಮಾನಪಟ್ಟಿದ್ದೆ. ಆ ಕ್ಯಾಲೆಂಡರ್ ನೋಡಿ ಕಮಿಷನ್ ಅಂದ್ಕೊಂಡೆ. ತಪ್ಪಾಯ್ತು,” ಎಂದೆ. ‘ನಿಮ್ಮ’ ಎಂದು ಬಾಯಿಂದ ಬಂದದ್ದು ನನಗೂ ಹೊಸದು, ಅವರಿಗೂ ಹೊಸದು.

“ನಂಗೆ ಆವತ್ತೇ ಗೊತ್ತಾಗಿತ್ತು ಬಿಡಿ ಸಾರ್,” ಎಂದರು. “ಅನುಮಾನ ಪಡೋದು ತಪ್ಪಲ್ಲ. ಆದ್ರೆ ನೀವು ನನ್ನ ಮೇಲೆ ಅನುಮಾನ ಪಟ್ರಿ, ಗಂಟಿನ ಮೇಲೆ ಪಡ್ಲಿಲ್ಲ.”

ಅವತ್ತು ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ನೊರೆ ಕಲಸುತ್ತಾ ತಾವಾಗಿಯೇ ಒಂದು ಹಳೆಯ ಕಥೆ ಹೇಳಿದರು. ಅವರ ಪ್ರಾಯದ ಕಾಲದಲ್ಲಿ ಹಳ್ಳಿಯ ದೊಡ್ಡ ಮನೆಯ ಯಜಮಾನರೊಬ್ಬರಿಗೆ ಇದೇ ಜಾಗದಲ್ಲಿ ಇಂಥದೇ ಗಂಟಿತ್ತಂತೆ. “ವರ್ಷಗಟ್ಲೆ ಅದರ ಸುತ್ತ ಕತ್ತಿ ಓಡಿಸ್ದೆ ಸಾರ್. ಒಂದಿನ ಜಾರೋದು ನಿಂತೋಯ್ತು. ನನ್ನ ಬೆರಳಿಗೆ ಗೊತ್ತಾಯ್ತು. ದೊಡ್ಡೋರು, ಅವರ ಮುಖದ ಬಗ್ಗೆ ಹೇಳಕ್ಕೆ ನಾನ್ಯಾರು ಅಂತ ಸುಮ್ಕಾಗ್ಬಿಟ್ಟೆ. ಮುಂದಿನ ದೀಪಾವಳಿಗೆ ಅವರಿರ್ಲಿಲ್ಲ. ಕೊನೇ ಶೇವಿಂಗ್ ಮಾಡಿದ್ದೂ ನಾನೇ.” ಬ್ರಷ್ಷನ್ನು ಲೋಟದ ಅಂಚಿಗೆ ಒತ್ತಿ ನೀರು ಹಿಂಡಿದರು. “ಆವತ್ತಿಂದ ಬೆರಳು ಏನೇಳ್ತದೋ ಬಾಯಿ ಅದನ್ನೇ ಹೇಳ್ತದೆ.”

ಆಮೇಲೆ ಎರಡೂ ಕೆನ್ನೆಗೆ ನೊರೆ ಹಚ್ಚಿದರು. ಎಡಗಡೆ ಗಡ್ಡವೇ ಇಲ್ಲವಲ್ಲ, ಅಲ್ಲಿಗೆ ಯಾಕೆ ಎಂದೆ. ಅವರು ಕಣ್ಣು ಮುಚ್ಚಿಕೊಂಡು ನೊರೆಯೊಳಗೆ ಬೆರಳಿಳಿಸಿದರು. ಬೋಳಾದ ಆ ಕೆನ್ನೆಯ ಮೇಲೆ, ಕಿವಿಯ ಹಿಂದೆ, ಕತ್ತಿನ ಪಕ್ಕ ನಿಧಾನವಾಗಿ ಓಡಿಸಿದರು. ಕಿವಿಯ ಹಾಲೆ ಮುಟ್ಟಿದ್ದು ನನಗೆ ತಿಳಿಯಲಿಲ್ಲ, ಕನ್ನಡಿಯಲ್ಲಿ ನೋಡಿದೆ. “ಇವತ್ತಿಗಿಲ್ಲ ಸಾರ್,” ಎಂದರು.

ಎರಡು ವರ್ಷ ಹಾಗೇ ನಡೆಯಿತು. ಮೂರು ತಿಂಗಳಿಗೊಮ್ಮೆ ಮೇಡಂ ಸ್ಕ್ಯಾನ್ ನೋಡಿ ಸರಿಯಾಗಿದೆ ಎನ್ನುತ್ತಿದ್ದರು. ನನಗೆ ಆ ಮಾತಿನಿಂದ ಬಂದ ಧೈರ್ಯ ಒಂದು ವಾರ ಉಳಿಯುತ್ತಿತ್ತು. ಆಮೇಲೆ ಭಾನುವಾರದ ‘ಇವತ್ತಿಗಿಲ್ಲ’ ಬೇಕಾಗುತ್ತಿತ್ತು. ಒಂದೊಂದು ಸಲ ಸಿಟ್ಟೂ ಬರುತ್ತಿತ್ತು. ‘ಇಲ್ಲ’ ಎಂದು ಒಂದೇ ಒಂದು ಸಲ ಪೂರ್ತಿಯಾಗಿ ಹೇಳಿಬಿಡಬಾರದೇ ಎಂದು ಕೇಳಿದರೆ, “ನಾಳೇದು ನಂಗೆಂಗ್ ಗೊತ್ತಾಗ್ತದೆ ಸಾರ್? ಭಾನ್ವಾರ ಬನ್ನಿ,” ಎನ್ನುತ್ತಿದ್ದರು.

ಕಳೆದ ವರ್ಷದ ಒಂದು ಭಾನುವಾರ ಅವರ ಬೆರಳು ಎಂದಿಗಿಂತ ಹೆಚ್ಚು ಹೊತ್ತು ನಿಂತಿತು. ಒಂದು ಸಲ ಮೇಲಿನಿಂದ ಕೆಳಕ್ಕೆ, ಇನ್ನೊಂದು ಸಲ ಕೆಳಗಿನಿಂದ ಮೇಲಕ್ಕೆ ಬಂದರು. ಕಣ್ಣು ತೆರೆದು ಕನ್ನಡಿಯಲ್ಲಿ ನನ್ನನ್ನು ನೋಡಿ, “ಇಲ್ಲ ಸಾರ್. ಏನೂ ಇಲ್ಲ,” ಎಂದರು.

ನಾನು ಹಿಗ್ಗಿಹೋದೆ. ಮನೆಗೆ ಬಂದವನೇ ಸುಮಿತ್ರಾಗೆ ಹೇಳಿದೆ. “ಅವರೇ ಹೇಳಿದಾರೆ ಅಂದ್ರೆ ಮುಗೀತು,” ಎಂದು ಅವಳು ದೇವರಿಗೆ ದೀಪ ಹಚ್ಚಿದಳು. ಇಡೀ ವಾರ ನಾನು ಕಿವಿಯ ಕೆಳಗೆ ಕೈ ಹಾಕಲಿಲ್ಲ.

ಮುಂದಿನ ಭಾನುವಾರ ಅಂಗಡಿಯ ಶಟರ್ ಇಳಿದಿತ್ತು. ಪಕ್ಕದ ಹೂವಿನಂಗಡಿಯ ಅಕ್ಕ ನನ್ನನ್ನು ನೋಡಿ ಮಾಲೆ ಕಟ್ಟುವುದನ್ನು ನಿಲ್ಲಿಸಿದಳು. “ಪಾಪಣ್ಣ ಹೋಗ್ಬಿಟ್ರು ಸಾರ್, ಬುಧವಾರ ಬೆಳಗ್ಗೆ. ಹಾರ್ಟು ಪೂರಾ ವೀಕಾಗೈತೆ, ಏನೂ ಮಾಡಕ್ಕಾಗಲ್ಲ ಅಂತ ಡಾಕ್ಟ್ರು ಹೇಳಿದ್ರಂತೆ. ಯಾರಿಗೂ ಬಾಯಿ ಬಿಟ್ಟಿರ್ಲಿಲ್ಲ. ಹೋದ ಭಾನ್ವಾರ ನೀವು ಹೋದ್ಮೇಲೆ ಕತ್ತಿ, ಬ್ರಷ್ಷು ಎಲ್ಲಾ ತೊಳೆದು ಕಟ್ಟಿಟ್ರು. ಇನ್ ಬರಲ್ಲಕ್ಕ, ಮಗಳ ಮನೇಲಿರ್ತೀನಿ ಅಂದ್ರು.”

ಶಟರಿನ ಎದುರು ನಿಂತು ನಾನು ಅತ್ತೆ. ನನ್ನ ಮುಖ ಅತ್ತರೂ ಒಂದೇ ಕಡೆ ಅಳುತ್ತದೆ. ಅವರು ‘ಇವತ್ತಿಗೆ’ ಎಂಬ ಮಾತನ್ನು ಬಿಟ್ಟಾಗಲೇ ನನಗೆ ಅನುಮಾನ ಬರಬೇಕಿತ್ತು. ಮುಂದಿನ ಭಾನುವಾರ ಹೇಳಲು ತಾವಿರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ನಾನು ಹೆದರಿಕೊಂಡು ಬದುಕಬಾರದು ಎಂದು ಆವತ್ತು ಅವರು ಬೆರಳು ಹೇಳಿದ್ದಕ್ಕಿಂತ ಒಂದು ಮಾತು ಹೆಚ್ಚಿಗೆ ಹೇಳಿದರು.

ಈಗ ನಾನು ಮನೆಯಲ್ಲೇ ಶೇವಿಂಗ್ ಮಾಡಿಕೊಳ್ಳುತ್ತೇನೆ. ಭಾನುವಾರ ಬೆಳಗ್ಗೆ ಎರಡೂ ಕೆನ್ನೆಗೆ ನೊರೆ ಹಚ್ಚಿ, ಕನ್ನಡಿಗೆ ಬೆನ್ನು ಹಾಕಿ ನಿಂತು ಕಣ್ಣು ಮುಚ್ಚುತ್ತೇನೆ. ಪಾಪಣ್ಣ ಹೇಳಿದ ಮಾತುಗಳಲ್ಲಿ ನಾನು ನಂಬದೇ ಇರುವುದು ಅವರ ಆ ಕೊನೆಯ ‘ಇಲ್ಲ’ ಒಂದನ್ನೇ. ಬೆರಳು ಕಿವಿಯ ಹಿಂದಿನಿಂದ ಕತ್ತಿನ ಪಕ್ಕಕ್ಕೆ ಇಳಿದು ಬರುವ ತನಕ ಸುಮಿತ್ರಾ ಬಚ್ಚಲ ಬಾಗಿಲಲ್ಲಿ ನಿಂತಿರುತ್ತಾಳೆ. ಅವಳು ಏನೂ ಕೇಳುವುದಿಲ್ಲ. ನಾನೇ ಹೇಳುತ್ತೇನೆ, “ಇವತ್ತಿಗಿಲ್ಲ.”